ಅಮಾವಾಸ್ಯೆಯ ಮರುದಿನದ ಕೆಲಸ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸುಟ್ಟ ಮೋಟಾರು ಬಿಚ್ಚಿ ತಾಮ್ರದ ತಂತಿ ಸುತ್ತುವುದು ನನ್ನ ಕಸುಬು. ಇರುವ ತಾಳ್ಮೆಯೆಲ್ಲ ಆ ತಂತಿಗೇ ಖರ್ಚಾಗಿ ಮನುಷ್ಯರ ಪಾಲಿಗೆ ಏನೂ ಉಳಿಯುವುದಿಲ್ಲ ಎಂದು ನನ್ನ ಹೆಂಡತಿಯೇ ಹೇಳುತ್ತಾಳೆ. ಇರಲಿ. ಆದರೆ ನಾನು ಈಗ ಹೇಳುವ ಸಂಗತಿ ಕೇಳಿಯೂ ಸಿಟ್ಟು ಬರದವರು ಯಾರಾದರೂ ಇದ್ದರೆ, ಅವರ ಮೈಯಲ್ಲಿ ಹರಿಯುವುದು ರಕ್ತವೋ ಅಂಬಲಿಯೋ ನೋಡಿಕೊಳ್ಳಬೇಕು.

ಬಳ್ಳಾರಿಯಿಂದ ಸಿರುಗುಪ್ಪದ ಕಡೆ ಹೊರಟರೆ ಊರು ಮುಗಿಯುವ ಮೊದಲು ತಗಡಿನ ಶೆಡ್ಡುಗಳ ಸಾಲು ಸಿಗುತ್ತದೆ. ಲಾರಿಗೆ ಬಾಡಿ ಕಟ್ಟುವವರು, ವೆಲ್ಡಿಂಗಿನವರು, ಜೀನ್ಸ್ ಹೊಲಿಯುವ ಮಶೀನು ರಿಪೇರಿ ಮಾಡುವವರು. ಅದರಲ್ಲಿ ನನ್ನದೂ ಒಂದು. ನನ್ನ ಶೆಡ್ಡಿಗೂ ಪಕ್ಕದ ಶೆಡ್ಡಿಗೂ ನಡುವೆ ಇರುವುದು ಒಂದೇ ತಗಡು. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತದೆ. ಪಕ್ಕದ್ದು ಚನ್ನವೀರಮ್ಮನದು. ಹಾಗೆಂದು ನಾನು ಹೇಳುತ್ತೇನೆ. ಅದು ಚನ್ನವೀರಮ್ಮನದೋ ಅಲ್ಲವೋ ಎಂಬುದೇ ಜಗಳ.

ಆಕೆ ಸಿರುಗುಪ್ಪದ ಹುಡುಗಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಮಶೀನು ನಡೆಸುತ್ತಿದ್ದವನು. ಬೆಲ್ಟು ಜಾರುವ ಸದ್ದು, ಬೇರಿಂಗು ಕೆಡುವ ಸದ್ದು ಕೇಳುತ್ತ ಬೆಳೆದವಳು. ಹತ್ತನೆಯ ತರಗತಿ ಮುಗಿಸಿ ಮನೆಯಲ್ಲಿದ್ದಾಗ ಕುರುಗೋಡಿನ ಕೊಟ್ರಮ್ಮನವರ ಮನೆಗೆ ಸೊಸೆಯಾಗಿ ಬಂದಳು. ಗಂಡ ವೀರಭದ್ರ ಆ ಮನೆಯ ಹಿರಿಮಗ, ಬಳ್ಳಾರಿಯಲ್ಲಿ ಕಬ್ಬಿಣ ಕೊರೆಯುವ ಈ ಶೆಡ್ಡು ಹಾಕಿದವನು. ಅವನಿಗೆ ಬುತ್ತಿ ತರುತ್ತಿದ್ದಳು, ಅವನು ಉಣ್ಣುವ ತನಕ ಕೂಡುತ್ತಿದ್ದಳು. ಕೂತವಳು ಸುಮ್ಮನೆ ಕೂಡುವ ಜಾತಿಯಲ್ಲ. ಮೊದಲು ಬಿದ್ದ ಚೂರು ಗುಡಿಸಿದಳು, ಆಮೇಲೆ ಅಳತೆ ಹಿಡಿದಳು, ಆಮೇಲೆ ಹ್ಯಾಂಡಲು ಹಿಡಿದಳು. ವೀರಭದ್ರ ಬೇಡ ಅನ್ನಲಿಲ್ಲ. ಅವನು ಒಳ್ಳೆಯವನು ಎಂದು ಬರೆಯಲು ನನಗೆ ಇದೊಂದೇ ಕಾರಣ ಸಾಕು.

ಅವರು ಮಿಲ್ಲಿಂಗ್ ಮಶೀನು ಕೊಳ್ಳಲು ಹೋದ ದಿನ ಟ್ರಾಲಿ ಹೊಡೆಯುವವನು ಸಿಗದೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮಶೀನು ಹೊಸದಲ್ಲ. ಎಲ್ಲೋ ಬಾಗಿಲು ಹಾಕಿದ ಕಾರ್ಖಾನೆಯಿಂದ ಗುಜರಿಯವನ ಕೈಗೆ ಬಂದದ್ದು. ಅವನು ಅದಕ್ಕೆ ಹಸಿರು ಬಣ್ಣ ಬಳಿದು ಮದುಮಗಳ ಹಾಗೆ ನಿಲ್ಲಿಸಿದ್ದ. ವೀರಭದ್ರ ಹೋದವನೇ ಹ್ಯಾಂಡಲು ಹಿಡಿದು ಅತ್ತ ನಾಲ್ಕು ಸುತ್ತು, ಇತ್ತ ನಾಲ್ಕು ಸುತ್ತು ತಿರುಗಿಸಿ, ಬೆಣ್ಣೆ ಇದ್ದಂಗೈತಿ ಎಂದು ಹಿಗ್ಗಿದ. ಚನ್ನವೀರಮ್ಮ ಹಿಂದೆ ನಿಂತವಳು ಮುಂದೆ ಬಂದು ಅದೇ ಹ್ಯಾಂಡಲನ್ನು ತಿರುಗಿಸುತ್ತಲೇ ಹೋದಳು. ಟೇಬಲ್ಲು ತುದಿಗೆ ಬರುತ್ತಿದ್ದಂತೆ ಕಚ್ಚಿಕೊಂಡು ನಿಂತುಬಿಟ್ಟಿತು. ಗುಜರಿಯವನ ಮುಖ ನೋಡಬೇಕಿತ್ತು. ಅಮ್ಮಾ ಇದು ರೊಟ್ಟಿ ಬಡಿಯೋ ಕೊಣಮಿಗೆ ಅಲ್ಲ ಎಂದು ನಗಾಡಿದ.

ಇದು ಏನೆಂದು ತಿಳಿಯದವರಿಗೆ ಹೇಳಬೇಕು. ಮಿಲ್ಲಿಂಗ್ ಮಶೀನಿನಲ್ಲಿ ಕಟರು ತನ್ನ ಜಾಗದಲ್ಲೇ ತಿರುಗುತ್ತದೆ. ಕೆಲಸದ ಕಬ್ಬಿಣವನ್ನು ಕಟ್ಟಿದ ಟೇಬಲ್ಲು ಅದರ ಕೆಳಗೆ ಎಡಕ್ಕೂ ಬಲಕ್ಕೂ ಸರಿಯುತ್ತದೆ. ಟೇಬಲ್ಲಿಗೂ ಅದು ಕೂತ ಬೆಡ್ಡಿಗೂ ನಡುವಿನ ಸಂದಿಯಲ್ಲಿ ಒಂದು ಉದ್ದನೆಯ ಕಬ್ಬಿಣದ ಪಟ್ಟಿ ಇರುತ್ತದೆ, ಒಂದು ತುದಿ ದಪ್ಪ, ಇನ್ನೊಂದು ತೆಳು. ಅದಕ್ಕೆ ಗಿಬ್ಬು ಅನ್ನುತ್ತಾರೆ. ಸ್ಕ್ರೂ ತಿರುವಿ ಪಟ್ಟಿಯನ್ನು ಒಳಗೆ ತಳ್ಳಿದರೆ ಟೇಬಲ್ಲು ಬಿಗಿ, ಹಿಂದಕ್ಕೆ ತೆಗೆದರೆ ಸಡಿಲ. ಬಾಗಿಲ ಸಂದಿಗೆ ಬೆಣೆ ಹೊಡೆಯುತ್ತೇವಲ್ಲ, ಅದೇ ಲೆಕ್ಕ. ಹಳೆಯ ಮಶೀನು ನಡುವೆ ಸವೆದಿರುತ್ತದೆ, ಯಾಕೆಂದರೆ ಎಲ್ಲರೂ ಕೆಲಸ ಮಾಡುವುದು ನಡುವೆಯೇ. ಮಾರುವವನು ಆ ನಡುವಿಗೆ ಹೊಂದುವಂತೆ ಗಿಬ್ಬು ಬಿಗಿದಿಡುತ್ತಾನೆ. ಕೊಳ್ಳುವವನು ನಡುವೆ ತಿರುಗಿಸಿ ನೋಡಿ ಖುಷಿಪಟ್ಟು ಹೋಗುತ್ತಾನೆ, ಸವೆಯದ ತುದಿಗೆ ಬಂದಾಗ ಟೇಬಲ್ಲು ಕಚ್ಚುತ್ತದೆ.

ಬೇರೆ ಮಶೀನು ಕೈಗೆಟುಕುವಂಥದ್ದು ಇರಲಿಲ್ಲ, ಅದನ್ನೇ ತಂದರು. ಗಂಡ ಹೆಂಡತಿ ಇಬ್ಬರೂ ಸೇರಿ ಬಹಳ ದಿನ ಗುದ್ದಾಡಿ ಅದರ ಗುಣ ಕಂಡುಕೊಂಡರು. ತುದಿಯಲ್ಲಿ ಕಚ್ಚಬಾರದು, ನಡುವೆ ಸ್ವಲ್ಪ ಸಡಿಲ ಬಿಟ್ಟರೂ ಪರವಾಗಿಲ್ಲ, ಆ ಸಡಿಲ ತಿಳಿದುಕೊಂಡು ಕೆಲಸ ಕಟ್ಟಬೇಕು. ಹ್ಯಾಂಡಲು ಈ ತುದಿಯಿಂದ ಆ ತುದಿಗೆ ಒಂದೇ ಬೆರಳಿಗೆ ತಿರುಗಬೇಕು. ಈ ಬೆರಳಿನ ಲೆಕ್ಕ ವೀರಭದ್ರನಿಗಿಂತ ಆಕೆಗೇ ಹೆಚ್ಚು ಸಿಕ್ಕಿತು. ಗಿಬ್ಬು ಹಾಕುವ ದಿನ ಅವನು ಟಾರ್ಚು ಹಿಡಿಯುತ್ತಿದ್ದ, ಆಕೆ ಸ್ಕ್ರೂ ಹಿಡಿಯುತ್ತಿದ್ದಳು.

ಆಮೇಲೆ ವೀರಭದ್ರನಿಗೆ ಕಾಮಾಲೆ ಆಯಿತು. ಬಳ್ಳಾರಿ ತುಂಬ ಆಸ್ಪತ್ರೆ ಇವೆ. ಆದರೂ ಕುರುಗೋಡಿಗೆ ಕರೆದುಕೊಂಡು ಹೋಗಿ ಯಾರೋ ಅರೆದು ಕೊಟ್ಟ ಸೊಪ್ಪು ಕುಡಿಸುತ್ತ ಕೂತರು. ಆಕೆ ಬೇಡವೆಂದು ಜಗಳ ಮಾಡಿದಳಂತೆ. ಹೆಂಡತಿ ಮಾತು ಯಾರು ಕೇಳುತ್ತಾರೆ? ಕೊನೆಗೆ ಆಸ್ಪತ್ರೆಗೆ ತಂದಾಗ ಕಾಲ ಮೀರಿತ್ತು. ಮಣ್ಣಾದ ದಿನ ನಾನೂ ಹೋಗಿದ್ದೆ. ಅತ್ತೆ ಕೊಟ್ರಮ್ಮ ತಾವೇ ಸೆರಗಿನ ತುದಿಯಿಂದ ಸೊಸೆಯ ಹಣೆ ಒರೆಸಿದರು. ಅವರೂ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು, ಆ ಕೆಲಸ ಹೇಗೆ ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಎಲ್ಲರೂ ಆಕೆ ಕುರುಗೋಡಿನ ಮನೆಯಲ್ಲಿ ಒಲೆ ಮುಂದೆ ಕೂಡುತ್ತಾಳೆ ಎಂದುಕೊಂಡರು. ಆಕೆ ಬಸ್ಸು ಹತ್ತಿ ಬಂದು ಶೆಡ್ಡಿನ ಬಾಗಿಲು ತೆಗೆದಳು. ನಾನು ಸ್ಟೂಲು ಬಿಟ್ಟು ಎದ್ದು ನಿಂತೆ. ಏನು ಮಾಡುತ್ತೀಯಮ್ಮ ಎಂದು ಕೇಳುವ ಮೊದಲೇ ಮಶೀನು ಶುರುವಾಗಿತ್ತು. ವರ್ಷ ಕಳೆಯುವುದರಲ್ಲಿ ಸಿರುಗುಪ್ಪದ ಗಿರಣಿಗಳ ಅರ್ಧದಷ್ಟು ಶಾಫ್ಟುಗಳು ಆಕೆಯ ಹತ್ತಿರವೇ ಬರುತ್ತಿದ್ದವು. ಗಿರಣಿಯ ಶಾಫ್ಟಿನ ಮೇಲೆ ಪುಲ್ಲಿ ಕೂಡುತ್ತದೆ. ಅದು ಜಾರದಂತೆ ಶಾಫ್ಟಿನಲ್ಲಿ ಉದ್ದ ತೋಡು ಕೊರೆದು ಅದಕ್ಕೆ ಉಕ್ಕಿನ ಬಿಲ್ಲೆ ಬಡಿಯುತ್ತಾರೆ. ಕೀವೇ ಅನ್ನುವುದು ಆ ತೋಡಿಗೇ. ಕೂದಲಿನಷ್ಟು ಅಗಲ ಹೆಚ್ಚಾದರೂ ಬಿಲ್ಲೆ ಸಡಿಲಾಗಿ ಪುಲ್ಲಿ ಕುಣಿಯುತ್ತದೆ. ಆಕೆಯ ಕೀವೇ ಹಾಗಾದದ್ದು ನಾನು ನೋಡಿರಲಿಲ್ಲ.

ಈಗ ಸಿಟ್ಟಿನ ಭಾಗ. ನಮ್ಮ ಸಾಲಿನಲ್ಲಿ ಪ್ರತಿ ಅಮಾವಾಸ್ಯೆಗೆ ಮಶೀನಿಗೆ ಪೂಜೆ. ಪೂಜೆ ಆಗುವ ತನಕ ಯಾರೂ ಸ್ವಿಚ್ ಹಾಕುವುದಿಲ್ಲ, ಪೂಜೆ ಆದ ಮೇಲೆ ನಡೆಸಬಹುದು, ಆದರೆ ಆ ದಿನ ಯಾವ ಮಶೀನೂ ಬಿಚ್ಚುವುದಿಲ್ಲ. ವೀರಭದ್ರ ಇದ್ದಾಗ ಮಶೀನಿನ ಹಣೆಗೆ, ಎಂದರೆ ಮೋಟಾರಿನ ಮುಚ್ಚಳಕ್ಕೆ, ಒಂದು ಗೆರೆ ವಿಭೂತಿ, ಒಂದು ಚುಕ್ಕೆ ಕುಂಕುಮ ಇಟ್ಟು ಮುಗಿಸುತ್ತಿದ್ದ. ಅವನು ಹೋದ ಮೇಲೆ ಗಂಡ ಸತ್ತವಳು ಮಶೀನಿಗೆ ಕುಂಕುಮ ಹಚ್ಚಬಾರದು ಎಂದು ಕೊಟ್ರಮ್ಮ ಹೇಳಿದರು. ದುಡಿಯಬಹುದಂತೆ, ಹಚ್ಚಬಾರದಂತೆ! ಪೂಜೆಗೆ ಎಂದು ಕಿರಿಮಗ ಚನ್ನಬಸವರಾಜನನ್ನು ಗೊತ್ತು ಮಾಡಿದರು.

ಚನ್ನಬಸವರಾಜನಿಗೆ ಬ್ರೂಸ್‌ಪೇಟೆಯಲ್ಲಿ ಬೇರಿಂಗು-ಬೆಲ್ಟಿನ ಅಂಗಡಿ. ಹುಡುಗನಿದ್ದಾಗ ಅಣ್ಣನ ಶೆಡ್ಡಿನಲ್ಲಿ ಕೆಲವು ದಿನ ಕೈಯಾಡಿಸಿದ್ದ, ಅದರ ಮೇಲೆ ತನ್ನನ್ನು ಮಿಸ್ತ್ರಿ ಅಂದುಕೊಂಡಿದ್ದ. ಅಮಾವಾಸ್ಯೆ ಬಂತೆಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬುಲೆಟ್ ಮೇಲೆ ಬಂದಿಳಿಯುತ್ತಿದ್ದ. ಭಕ್ತಿ ಎಂದರೆ ಹಿಡಿ ತುಂಬ ಹಚ್ಚುವುದು ಎಂದು ತಿಳಿದವನು. ಬಣ್ಣ ಬಳಿದ ಜಾಗದಲ್ಲಿ ವಿಭೂತಿ ಚೆನ್ನಾಗಿ ಕಾಣುವುದಿಲ್ಲವಲ್ಲ, ಅದಕ್ಕೆ ಎಣ್ಣೆ ಮಿನುಗುವ ಬೆಡ್ಡಿನ ಮೇಲೆಯೇ ಎಳೆಯುತ್ತಿದ್ದ, ಅದರ ಮೇಲೆ ಕುಂಕುಮ, ಅರಿಶಿನ. ಕಾಯಿ ಒಡೆದು ಟೇಬಲ್ಲಿನ ಮೇಲೇ ನೀರು ಬಿಡುತ್ತಿದ್ದ. ಆಮೇಲೆ ಅವನೊಳಗಿನ ಮಿಸ್ತ್ರಿ ಎದ್ದು ಬರುತ್ತಿದ್ದ. ಟೇಬಲ್ಲು ಹಿಡಿದು ಅಲ್ಲಾಡಿಸಿ, ನಡುವೆ ಲೂಸ್ ಐತಿ ಅತ್ತಿಗಿ ಎಂದು ಗಿಬ್ಬಿನ ಸ್ಕ್ರೂ ಬಿಗಿದು, ಟೇಬಲ್ಲನ್ನು ಅತ್ತಿತ್ತ ಓಡಿಸಿ, ಕೈ ಒರೆಸಿಕೊಂಡು ಹೊರಡುತ್ತಿದ್ದ.

ವಿಭೂತಿ ದೇವರದ್ದೇ ಇರಬಹುದು. ಕಬ್ಬಿಣಕ್ಕೆ ಅದು ಬೂದಿ. ಬೂದಿಯಿಂದ ನಮ್ಮ ತಾಯಂದಿರು ಪಾತ್ರೆ ತಿಕ್ಕುತ್ತಿದ್ದರು. ಎಣ್ಣೆಯಲ್ಲಿ ಕಲಸಿ ಸಂದಿಯೊಳಗೆ ಎಳೆದರೆ ಅದು ಒಳಗೂ ತಿಕ್ಕುತ್ತದೆ. ಪ್ರತಿ ಅಮಾವಾಸ್ಯೆಯ ಮರುದಿನ ಚನ್ನವೀರಮ್ಮ ಗಿಬ್ಬು ಹೊರಗೆ ಎಳೆದು ಸೀಮೆಎಣ್ಣೆಯಲ್ಲಿ ತೊಳೆದು, ಬೆಡ್ಡು ಒರೆಸಿ, ಮತ್ತೆ ಹಾಕಿ ಹದಕ್ಕೆ ತರುತ್ತಿದ್ದಳು. ಅರ್ಧ ದಿನದ ಕೆಲಸ. ಕಾಟನ್ ವೇಸ್ಟಿನ, ಎಂದರೆ ಒರೆಸುವ ನೂಲಿನ, ಕೆಂಪು ಉಂಡೆಗಳು ಬಾಗಿಲ ಹೊರಗೆ ಬಿದ್ದಿರುತ್ತಿದ್ದವು. ಹೇಳಿಬಿಡು ಆ ಬಿಳಿ ಅಂಗಿಯವನಿಗೆ ಎಂದು ನಾನು ತಗಡು ಬಡಿಯುತ್ತಿದ್ದೆ. ಹೇಳಿದ್ದಳಂತೆ. ದೇವರಿಗೆ ಹಚ್ಚಿದ್ದರಿಂದ ಮಶೀನು ಕೆಟ್ಟಿದ್ದು ಎಲ್ಲಿಯೂ ಇಲ್ಲ ಅಂದನಂತೆ.

ಹೋದ ಸುಗ್ಗಿಯಲ್ಲಿ ಸಿರುಗುಪ್ಪದ ಮರಿಬಸಪ್ಪ ಎಂಬ ಗಿರಣಿ ಮಾಲೀಕರ ಶಾಫ್ಟು ತುಂಡಾಯಿತು. ಭತ್ತ ಬಂದು ಅಂಗಳದಲ್ಲಿ ಬಿದ್ದಿದೆ, ಗಿರಣಿ ನಿಂತಿದೆ. ಹೊಸ ಶಾಫ್ಟನ್ನು ಲೇತಿನಲ್ಲಿ ಟರ್ನಿಂಗ್ ಮಾಡಿಸಿ ಕೀವೇ ಹೊಡೆಸಲು ಚನ್ನವೀರಮ್ಮನ ಹತ್ತಿರ ತಂದರು. ತಂದ ದಿನ ಅಮಾವಾಸ್ಯೆ. ಚನ್ನಬಸವರಾಜನ ಪೂಜೆ ಆಗಷ್ಟೇ ಮುಗಿದಿತ್ತು. ಗಿಬ್ಬು ತೆಗೆದು ತೊಳೆದು ಕೆಲಸ ಹಿಡಿಯುತ್ತೇನೆ ಎಂದು ಆಕೆ ಸ್ಪಾನರ್ ಎತ್ತಿದಳು. ಅವನು ಅಡ್ಡ ನಿಂತ. ಪೂಜೆ ಆದ ಮಶೀನು ಇವತ್ತು ಬಿಚ್ಚುವಂತಿಲ್ಲ, ಮನೆತನಕ್ಕೆ ಆಗಿಬರುವುದಿಲ್ಲ, ಮೊದಲೇ ಒಬ್ಬನನ್ನು ಕಳಕೊಂಡಿದ್ದೀವಿ ಅಂದ. ಈ ಕಡೆ ಮರಿಬಸಪ್ಪನವರು ಗಡಿಯಾರ ನೋಡುತ್ತಿದ್ದರು. ಹಾಗೇ ಹೊಡೆದರೆ ಕೆಡುತ್ತದೆ ಎಂದು ಆಕೆ ಎಲ್ಲರ ಎದುರು ಹೇಳಿದಳು. ನಾನು ಕಿವಿಯಾರೆ ಕೇಳಿದ್ದೇನೆ. ಕೊನೆಗೆ ಹಾಗೇ ಹೊಡೆಯಬೇಕಾಯಿತು. ಟೇಬಲ್ಲು ನಡುವಿನಿಂದ ತುದಿಯ ಕಡೆ ಬರುವಾಗ ಕಚ್ಚಿತು. ಆಕೆ ಹ್ಯಾಂಡಲಿಗೆ ಮೈಭಾರ ಹಾಕಿದಳು. ಕಚ್ಚಿದ್ದು ತಟ್ಟನೆ ಬಿಟ್ಟು ಮುಂದಕ್ಕೆ ಹಾರಿತು, ಕಟರು ನಡುಗಿ ತೋಡಿನ ಒಂದು ಪಕ್ಕ ತಿಂದುಹಾಕಿತು.

ವಾರ ಕಳೆಯುವ ಮೊದಲೇ ಗಿರಣಿಯಲ್ಲಿ ಪುಲ್ಲಿ ಕುಣಿಯತೊಡಗಿ ಶಾಫ್ಟು ಹಾಳಾಯಿತು. ಮರಿಬಸಪ್ಪನವರು ಚನ್ನವೀರಮ್ಮನಿಗೆ ಫೋನು ಮಾಡಲಿಲ್ಲ, ಮೈದುನನಿಗೆ ಮಾಡಿದರು. ಅವನು ಬ್ರೂಸ್‌ಪೇಟೆಯ ಅಂಗಡಿಯಲ್ಲಿ ಕೂತು ಹೆಂಗಸರ ಕೈಯಲ್ಲಿ ಎಷ್ಟು ಬಲ ಇರುತ್ತದೆ ಎಂದು ಬಂದವರಿಗೆಲ್ಲ ಹೇಳತೊಡಗಿದ. ಮಶೀನಿನದೇ ತಪ್ಪು ಎಂದು ಆಕೆ ಅನ್ನುತ್ತಾಳಲ್ಲ ಎಂದು ನಾನು ಬೇಕೆಂದೇ ಹೋಗಿ ಕೇಳಿದೆ. ಅವನು ನಗುತ್ತ, ಕುಣಿಲಾರದ ಸೂಳಿ ನೆಲ ಡೊಂಕು ಅಂದ್ಲಂತ ಎಂದ. ಸ್ವಂತ ಅತ್ತಿಗೆಗೆ! ನನ್ನ ಕೈಯಲ್ಲಿ ಅವನ ಅಂಗಡಿಯದೇ ಒಂದು ಬೇರಿಂಗು ಇತ್ತು. ಅದನ್ನು ಅವನ ಹಲ್ಲಿಗೆ ಎಸೆಯದೆ ಗಲ್ಲಾದ ಮೇಲಿಟ್ಟು ಬಂದದ್ದು ನನ್ನ ಜೀವನದ ದೊಡ್ಡ ಸಂಯಮ. ನೆಲ ನಿಜವಾಗಿ ಡೊಂಕಿದ್ದರೆ ಕುಣಿಯುವವಳು ಏನು ಮಾಡಬೇಕು? ಅದಕ್ಕೆ ಯಾರೂ ಗಾದೆ ಕಟ್ಟಿಲ್ಲ.

ಕುರುಗೋಡಿನಲ್ಲಿ ತೀರ್ಮಾನ ಆಗಿಹೋಯಿತು. ಮುಂದಿನ ಅಮಾವಾಸ್ಯೆಗೆ ಕೊಟ್ರಮ್ಮ ಬರುತ್ತಾರೆ, ಪೂಜೆ ಮುಗಿದ ಮೇಲೆ ಶೆಡ್ಡಿನ ಚಾವಿ ಚನ್ನಬಸವರಾಜನ ಕೈಗೆ, ಅವನು ಒಬ್ಬ ಗಂಡಾಳನ್ನು ಇಡುತ್ತಾನೆ. ಚನ್ನವೀರಮ್ಮ ಕುರುಗೋಡಿಗೆ ಹೋಗಿ ಅತ್ತೆಯ ಜೊತೆ ಇರುವುದು. ಆಕೆಗೆ ಇದನ್ನು ಫೋನಿನಲ್ಲಿ ತಿಳಿಸಿದರು. ಕೇಳಲಿಲ್ಲ, ತಿಳಿಸಿದರು.

ಆಕೆ ಸಿರುಗುಪ್ಪಕ್ಕೆ ಹೋಗಿ ಆ ಶಾಫ್ಟು ನೋಡಬೇಕು ಅಂದಳು. ನಾನೂ ಹೋದೆ. ಎಲ್ಲಿಂದಲೋ ಎರವಲು ತಂದ ಶಾಫ್ಟಿನ ಮೇಲೆ ಗಿರಣಿ ಓಡುತ್ತಿತ್ತು. ಮರಿಬಸಪ್ಪನವರು ನನಗೆ ಕುರ್ಚಿ ಹಾಕಿಸಿದರು, ಆಕೆ ನಿಂತೇ ಇದ್ದಳು. ಮಾತೆಲ್ಲ ನನ್ನ ಜೊತೆ. ಶಾಫ್ಟಿಗೆ ಏನಾಯಿತು ಎಂದು ನನ್ನನ್ನು ಕೇಳಿದರು. ನಾನು ಮೋಟಾರಿನವನು, ನನ್ನನ್ನು! ಆಕೆ ಮೂಲೆಯಲ್ಲಿ ಬಿದ್ದಿದ್ದ ಶಾಫ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ತೋಡಿನೊಳಗೆ ಬೆರಳಾಡಿಸಿದಳು. ಎದ್ದು ಬಂದು, ಇನ್ನೊಂದು ಶಾಫ್ಟು ಅಮಾವಾಸ್ಯೆಗೇ ತನ್ನಿ, ನೀವೂ ಬನ್ನಿ ಅಂದಳು. ಹೇಗೂ ಅವತ್ತು ಶೆಡ್ಡು ಚನ್ನಬಸವರಾಜನ ಕೈಗೆ ಬರುತ್ತದಲ್ಲ ಎಂದು ಅವರು ಒಪ್ಪಿದರು. ಬಸ್ಸಿನಲ್ಲಿ ಬರುವಾಗ ಆಕೆಯ ದವಡೆ ಬಿಗಿದಿತ್ತು. ಬಾಯಿ ಬಿಟ್ಟು ಬೈದುಬಿಡಮ್ಮ, ಹಗುರಾಗುತ್ತದೆ ಅಂದೆ. ಹಗುರಾಗುವುದು ಬೇಕಿಲ್ಲ ಎಂದಳು. ಆಗ ನನಗೆ ಒಂದು ತಿಳಿಯಿತು, ನನ್ನ ಸಿಟ್ಟು ಕೂಗಿದರೆ ಮುಗಿಯುತ್ತದೆ, ಆಕೆಯದು ಹಾಗಲ್ಲ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಎಲ್ಲರೂ ಬಂದರು. ಕೊಟ್ರಮ್ಮ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತರು. ಮರಿಬಸಪ್ಪನವರು ಹೊಸ ಶಾಫ್ಟು ಇಳಿಸಿ, ಫೋನು ನೋಡುತ್ತ ನಿಂತರು. ಚನ್ನಬಸವರಾಜ ಅವತ್ತು ಇನ್ನಷ್ಟು ಜೋರು. ಬೆಡ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ಮೂರು ಬೆರಳಿನ ಗೆರೆ, ಮೇಲೆ ಕುಂಕುಮ, ಅದರ ಮೇಲೆ ಚೆಂಡುಹೂವು. ಕರ್ಪೂರ ಬೆಳಗಿದ. ಚನ್ನವೀರಮ್ಮ ಹಿಂದೆ ತಗಡಿಗೆ ಒರಗಿ ನಿಂತಿದ್ದಳು. ಆಮೇಲೆ ಅವನು ಟೇಬಲ್ಲು ಅಲ್ಲಾಡಿಸಿ, ತಲೆಯಾಡಿಸಿ, ಸ್ಕ್ರೂ ಬಿಗಿದು, ಹ್ಯಾಂಡಲು ಹಿಡಿದು ಅತ್ತಿತ್ತ ಓಡಿಸಿದ. ಕೈ ಒರೆಸಿಕೊಂಡು ಚಾವಿ ಕೇಳಿದ.

ಆಕೆ ಚಾವಿಯನ್ನು ಟೇಬಲ್ಲಿನ ಮೇಲೆ ಇಟ್ಟಳು. ಇಟ್ಟ ಕೈಯಲ್ಲೇ ಸ್ಪಾನರ್ ಎತ್ತಿಕೊಂಡು ಗಿಬ್ಬಿನ ಸ್ಕ್ರೂ ಬಿಚ್ಚತೊಡಗಿದಳು.

ಚನ್ನಬಸವರಾಜ ಹಾರಿಬಿದ್ದ. ಪೂಜೆ ಮಾಡಿದ ಮಶೀನು, ಅಮಾವಾಸ್ಯೆ, ಮನೆತನ, ತಾಯಿ ಎದುರಿಗೆ ಎಂದು ಏನೇನೋ ಕೂಗಿದ. ನಾನು ತೋಳು ಮಡಚಿ ಮುಂದೆ ಹೋದೆ. ಇನ್ನೇನು ಅವನ ಬಿಳಿ ಅಂಗಿಗೆ ಕೈ ಹಾಕುವವನಿದ್ದೆ. ಆಕೆ ತಲೆ ಎತ್ತದೆ, “ಹುಲಿಗೇಶಣ್ಣ, ನೀವು ಸುಮ್ಕಿರ್ರಿ” ಅಂದಳು. ಸುಮ್ಮನೆ ನಿಂತೆ.

ಗಿಬ್ಬು ಹೊರಗೆ ಬಂತು. ಅದು ಕಬ್ಬಿಣದ ಬಣ್ಣದಲ್ಲಿರಲಿಲ್ಲ. ಎಣ್ಣೆ, ಬೂದಿ, ಕುಂಕುಮ ಕಲಸಿ ಉದ್ದಕ್ಕೂ ಕೆಂಪು ಕೆಸರು ಮೆತ್ತಿತ್ತು. ಆಕೆ ಅದನ್ನು ಒಯ್ದು ಕೊಟ್ರಮ್ಮನವರ ಎರಡೂ ಕೈಗಳ ಮೇಲೆ ಇಟ್ಟಳು. ಅವರು ಏನೆಂದು ತಿಳಿಯದೆ ಹಿಡಿದುಕೊಂಡರು, ಬೆರಳಿನಿಂದ ಒತ್ತಿ ನೋಡಿದರು, ಬೆರಳು ಕೆಂಪಾಯಿತು.

“ಕುಂಕುಮ ಐತ್ರಿ ಅತ್ತಿ. ಪ್ರತಿ ಅಮಾಸಿ ಇವರು ಹಚ್ಚಿ ಹೊಕ್ಕಾರ. ಮರುದಿನ ಇದನ್ನ ತೆಗೆದು ಒರೆಸಾಕಿ ನಾನು. ಹಚ್ಚಾಕ ನನ್ನ ಕೈ ಆಗಂಗಿಲ್ಲ, ಒರೆಸಾಕ ನನ್ನ ಕೈನ ಬೇಕು. ಆ ಶಾಫ್ಟ್ ಕೆಟ್ಟಿದ್ದು ನನ್ನ ಕೈಲಿಂದಲ್ಲ. ಒರೆಸಾಕ ಬಿಡಲಿಲ್ಲ, ಅದಕ್ಕ ಕೆಟ್ಟಿತು.”

ಇಷ್ಟೇ ಹೇಳಿದಳು. ದನಿ ಏರಲಿಲ್ಲ. ಮರಿಬಸಪ್ಪನವರು ಫೋನು ಜೇಬಿಗೆ ಹಾಕಿದರು.

ಕೊಟ್ರಮ್ಮನವರ ಸ್ಥಿತಿ ನೋಡಬೇಕಿತ್ತು. ಎಷ್ಟು ವರ್ಷಗಳಿಂದ ಕುಂಕುಮ ಮುಟ್ಟದ ಕೈ. ಸೀರೆಗೆ ಒರೆಸಿಕೊಳ್ಳುವಂತಿಲ್ಲ, ಹಣೆಗೆ ಹಚ್ಚುವಂತಿಲ್ಲ. ಬೆರಳುಗಳನ್ನು ಅಗಲಿಸಿ ಹಿಡಿದುಕೊಂಡು ಕೂತುಬಿಟ್ಟರು. ಆಮೇಲೆ ಮಗನನ್ನು ಕೇಳಿದರು, ತಿಂಗಳ ತಿಂಗಳ ಆಕೆ ಇದನ್ನು ತೊಳೆಯುತ್ತಾಳೆಂದು ನಿನಗೆ ಗೊತ್ತಿತ್ತೇನು ಎಂದು.

“ತೊಳೀಲಿ ಬಿಡಬೇ. ಅದರಾಗೇನೈತಿ?” ಅಂದ ಚನ್ನಬಸವರಾಜ.

ನಾನು ಬದುಕಿನಲ್ಲಿ ಬಹಳ ಬೈಗುಳ ಕೇಳಿದ್ದೇನೆ, ಕೊಟ್ಟೂ ಇದ್ದೇನೆ. ಆ ‘ಅದರಾಗೇನೈತಿ’ಯಷ್ಟು ಹೊಲಸು ಮಾತು ಕೇಳಿಲ್ಲ. ಅವನಿಗೆ ಅದು ಬೈಗುಳ ಎಂದೂ ಗೊತ್ತಿರಲಿಲ್ಲ. ಆದರೆ ಮುದುಕಿಗೆ ತಾಗಿತು. ಕುರ್ಚಿಯಿಂದ ಎದ್ದು ನಿಂತರು. ಗಿಬ್ಬು ಇನ್ನೂ ಕೈಯಲ್ಲೇ ಇತ್ತು.

“ನಿಮ್ಮಪ್ಪ ಹೋದಾಗ ನನ್ನ ಹಣಿ ಒರೆಸಿದಾಕಿ ನಮ್ಮತ್ತಿ. ಈಕಿ ಹಣಿ ಒರೆಸಿದಾಕಿ ನಾನು. ಒರೆಸಿದ ಕುಂಕುಮ ಒಬ್ಬ ಗಂಡಸಿನ ಕೈಗೂ ಹತ್ತಿಲ್ಲಲೇ. ಎಲ್ಲಾ ನಾವ ಒರೆಸೀವಿ. ಹೋಗು, ನಿನ್ನ ಅಂಗಡಿಗೆ ಹೋಗು. ಈ ಶೆಡ್ಡು ಈಕಿದು.”

ಅವನು ನಂಬಲಿಲ್ಲ. ತಾಯಿಯ ಮುಖ ನೋಡಿದ, ಮರಿಬಸಪ್ಪನವರ ಕಡೆ ನೋಡಿದ. ಅವರು ಮಶೀನು ನೋಡುತ್ತಿದ್ದರು. ಜನರ ಎದುರು ಮರ್ಯಾದೆ ತೆಗೆದಿರಿ, ಮುಂದೆ ಏನಾದರೂ ಆದರೆ ನನ್ನನ್ನು ಕೇಳಬೇಡಿ ಎಂದು ಹೇಳಿ ಬುಲೆಟ್ ಏರಿದ. ತಾಯಿಯನ್ನು ಕರೆದುಕೊಂಡು ಬಂದಿದ್ದೇನೆ ಎಂಬುದನ್ನೂ ಮರೆತು ಹೋದ. ಮನೆತನ ಕಾಯುವವನು!

ಚನ್ನವೀರಮ್ಮ ಇದಕ್ಕೆಲ್ಲ ಕಾಯಲೇ ಇಲ್ಲ. ಅತ್ತೆಯ ಕೈಯಿಂದ ಗಿಬ್ಬು ತೆಗೆದುಕೊಂಡು ಸೀಮೆಎಣ್ಣೆಯ ಡಬ್ಬದಲ್ಲಿ ಅದ್ದಿದಳು. ಹೂವು ಗುಡಿಸಿದಳು. ಬೆಡ್ಡಿನ ಮೂಲೆ ಮೂಲೆಗೆ ಬೆರಳು ಹಾಕಿ ಒರೆಸಿ, ಬೆರಳು ಬಿಳಿ ಬಟ್ಟೆಗೆ ಒತ್ತಿ, ಬಣ್ಣ ಹತ್ತುತ್ತದೆಯೇ ನೋಡಿ, ಹತ್ತದ ಮೇಲೆ ಎಣ್ಣೆ ಬಿಟ್ಟಳು. ಗಿಬ್ಬು ತೂರಿಸಿದಳು. ಟೇಬಲ್ಲನ್ನು ಸವೆಯದ ತುದಿಗೆ ತಂದು, ದಪ್ಪ ಕಡೆಯ ಸ್ಕ್ರೂ ಬಿಗಿಯುತ್ತ ಹೋಗಿ, ಹ್ಯಾಂಡಲು ಭಾರವಾದ ತಕ್ಷಣ ನಿಲ್ಲಿಸಿ, ಚೂರು ಹಿಂದಕ್ಕೆ ಬಿಟ್ಟಳು. ಇನ್ನೊಂದು ತುದಿಗೆ ಓಡಿಸಿದಳು, ಮತ್ತೆ ಚೂರು ಬಿಟ್ಟಳು. ತೆಳು ಕಡೆಯ ಸ್ಕ್ರೂವನ್ನು ಮುಟ್ಟಿಸಿ ಲಾಕ್ ಮಾಡಿದಳು. ಆಮೇಲೆ ತೋರುಬೆರಳು ಒಂದನ್ನೇ ಹ್ಯಾಂಡಲಿಗೆ ಹಚ್ಚಿ ಉದ್ದಕ್ಕೂ ತಿರುಗಿಸಿದಳು. ಎಲ್ಲಿಯೂ ನಿಲ್ಲಲಿಲ್ಲ. ನಡುವೆ ಸವೆದದ್ದು ಗೊತ್ತಿತ್ತಲ್ಲ, ಅದಕ್ಕೆ ಕೆಲಸದ ಕಬ್ಬಿಣವನ್ನು ಬಿಗಿದು ಹಿಡಿಯುವ ವೈಸನ್ನು ನಡುವಿನಿಂದ ಬಿಚ್ಚಿ ತುದಿಗೆ ತಂದು ಕಟ್ಟಿದಳು. ಶಾಫ್ಟಿನ ಹೊರಗುಳಿದ ಭಾಗಕ್ಕೆ ಕೆಳಗಿನಿಂದ ಆಧಾರ ಕೊಟ್ಟಳು. ಪೂಜೆಯನ್ನು ಒರೆಸಿ ಹಾಕಿ, ಅಮಾವಾಸ್ಯೆಯ ದಿನ, ಸ್ವಿಚ್ ಹಾಕಿದಳು.

ನಮ್ಮ ಸಾಲಿನ ಜನ ಬಾಗಿಲಲ್ಲಿ ಬಂದು ನಿಂತಿದ್ದರು. ಏನಾದರೂ ಆಗಲಿ ಎಂದು ಕಾಯುತ್ತಿದ್ದವರೂ ಇದ್ದರು, ಅವರ ಮುಖ ನನಗೆ ಗೊತ್ತು. ಏನೂ ಆಗಲಿಲ್ಲ. ಕಟರು ಒಂದೇ ಸದ್ದಿನಲ್ಲಿ ಹೋಯಿತು. ಚೂರು ಒಂದೇ ಅಳತೆಯಲ್ಲಿ ಉದುರಿತು. ಕೆಲಸ ಮುಗಿದ ಮೇಲೆ ಮರಿಬಸಪ್ಪನವರು ತಾವೇ ಬಿಲ್ಲೆ ತೆಗೆದು ತೋಡಿಗೆ ಇಟ್ಟು ನೋಡಿದರು. ಈ ತುದಿಯಲ್ಲಿ ಎಷ್ಟು ಬಿಗಿಯೋ ಆ ತುದಿಯಲ್ಲೂ ಅಷ್ಟೇ. ನನ್ನ ಕಡೆ ತಿರುಗಿ, ಚಲೋ ಆಗೇತಿ ನೋಡ್ರಿ ಎಂದರು.

ಮತ್ತೆ ನನಗೆ! ಇಷ್ಟೊತ್ತು ಹಿಡಿದಿಟ್ಟುಕೊಂಡದ್ದೆಲ್ಲ ಆಗ ಹೊರಗೆ ಬಂತು. ಮಾಡಿದವಳು ಅಲ್ಲಿ ನಿಂತಿದ್ದಾಳೆ, ಅವಳಿಗೆ ಹೇಳಲು ನಿಮ್ಮ ಬಾಯಲ್ಲಿ ಏನು ಭತ್ತ ತುಂಬಿದೆಯೇ ಎಂದು ಕೇಳಿದೆ. ಅವರು ಕೆಂಪಾದರು. ಆದರೂ ಆಕೆಯ ಕಡೆ ತಿರುಗಿ, ಚಲೋ ಆತವ್ವ ಎಂದು ಗೊಣಗಿದರು. ಇನ್ನೂ ಎರಡು ಶಾಫ್ಟುಗಳಿವೆ, ಕಳಿಸುತ್ತೇನೆ ಎಂದೂ ಹೇಳಿದರು. ಆಕೆ ಸರಿ ಎಂದಳು. ಹಿಂದಿನದಕ್ಕೆ ಅವರು ತಪ್ಪಾಯಿತು ಅನ್ನಲಿಲ್ಲ, ಆಕೆಯೂ ಕೇಳಲಿಲ್ಲ.

ಎಲ್ಲರೂ ಚದುರಿದ ಮೇಲೆ ಕೊಟ್ರಮ್ಮ ಒಬ್ಬರೇ ಉಳಿದರು. ನಾನು ಅವರಿಗೆ ಚಹಾ ತಂದುಕೊಟ್ಟೆ, ಕುಡಿಯಲಿಲ್ಲ. ಸೊಸೆ ತಾನೇ ಕಾಟನ್ ವೇಸ್ಟು ತಂದು ಅವರ ಬೆರಳು ಒಂದೊಂದಾಗಿ ಒರೆಸುತ್ತಿದ್ದಳು. ಮುಖದಲ್ಲಿ ಪ್ರೀತಿ ಇತ್ತೆಂದು ನಾನು ಸುಳ್ಳು ಹೇಳುವುದಿಲ್ಲ. ಮಶೀನಿನ ಬೆಡ್ಡು ಒರೆಸುವಾಗ ಇದ್ದ ಮುಖವೇ ಇತ್ತು. ಮುದುಕಿ ಬಹಳ ಹೊತ್ತು ಒದ್ದಾಡಿ, ತಮ್ಮ ಕೈಯಲ್ಲಿ ಕೊಡಲು ಇದ್ದದ್ದನ್ನೆಲ್ಲ ಒಟ್ಟುಮಾಡಿ ಕೊಡುವವರಂತೆ ಹೇಳಿದರು:

“ಇನ್ನ ಮ್ಯಾಲೆ ಅಮಾಸಿ ಪೂಜಿ ನೀನ ಮಾಡವ್ವ. ಕುಂಕುಮ ನೀನ ಹಚ್ಚು. ಯಾರಾರ ಏನಾರ ಅಂದ್ರ ನಾನು ಹೇಳೀನಂತ ಹೇಳು.”

ಚನ್ನವೀರಮ್ಮ ಕೊನೆಯ ಬೆರಳು ಒರೆಸಿ ಮುಗಿಸಿದಳು. ಕೆಂಪಾದ ವೇಸ್ಟನ್ನು ಡಬ್ಬಿಗೆ ಹಾಕಿದಳು.

“ಮಶೀನಿಗೆ ಎಣ್ಣಿ ಸಾಕ್ರಿ ಅತ್ತಿ” ಎಂದಳು.